ಇಲಿಗಳ ನಡುವೆ ತಮ್ಮನ ಕೈ ಹಿಡಿದು: ಈ ನಿಧಾನಗತಿಯ ಆಟ ಆಡಲು ಯೋಗ್ಯವೇ?

ದೀಪಾವಳಿ ರಜೆ ಮುಗಿದು ಶಾಲೆ ಆರಂಭವಾದ ಮೊದಲ ವಾರ. ಸಂಜೆ ಗಂಟೆ ಬಾರಿಸಿದ ಮೇಲೆ ಹತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನ ತಾಯಿ ಗೇಟಿನ ಬಳಿ ನನಗಾಗಿ ಕಾಯುತ್ತ ನಿಂತಿದ್ದರು. ಮಗನ ಹಾಜರಿಯ ವಿಷಯವಿರಬಹುದೆಂದು ಭಾವಿಸಿದೆ. ಅದಲ್ಲ.

"ಸರ್ರೀ, ನಮ್ಮ ಹುಡುಗ ರಾತ್ರಿ ಹನ್ನೊಂದಾದ್ರೂ ಮಲಗವಲ್ಲ. ಅದೇನೋ ಇಲಿ ಆಟ ಅಂತರಿ. ಒಮ್ಮೆ ಇಣುಕಿ ನೋಡಿದೆ, ಮೈ ಜುಮ್ಮ ಅಂತು. ಬಿಡಸಬೇಕೋ ಬ್ಯಾಡೋ ನೀವ ಹೇಳ್ರಿ" ಎಂದರು.

ಪುಣೆಯಲ್ಲಿ ಇಂಜಿನಿಯರಿಂಗ್ ಓದುತ್ತಿರುವ ದೊಡ್ಡಪ್ಪನ ಮಗ ರಜೆಗೆ ಬಂದವನು ತನ್ನ ಹಳೆಯ ಲ್ಯಾಪ್‌ಟಾಪನ್ನು ತಮ್ಮನ ಓದಿಗೆಂದು ಬಿಟ್ಟುಹೋಗಿದ್ದ. ಆಟ ಅದರಲ್ಲಿತ್ತು. ತಂದೆ ಸೊಲ್ಲಾಪುರದ ಮಗ್ಗದ ಕಾರ್ಖಾನೆಯಲ್ಲಿ ದುಡಿಯುತ್ತಾರೆ, ವಾರಕ್ಕೊಮ್ಮೆ ಊರಿಗೆ ಬರುತ್ತಾರೆ. ತಾಯಿಗೆ ಹೊಲದ ಕೆಲಸ. ಎರಡನೆಯ ತರಗತಿಯ ತಂಗಿಯನ್ನು ಸಂಜೆಯಿಂದ ನೋಡಿಕೊಳ್ಳುವವನು ಈ ಹುಡುಗನೇ.

ಆ ಕ್ಷಣದಲ್ಲಿ ನನಗೆ ಉತ್ತರ ಗೊತ್ತಿರಲಿಲ್ಲ. "ಬಿಡಿಸಿರಿ" ಎಂದು ಹೇಳುವುದು ಶಿಕ್ಷಕನಿಗೆ ಬಹಳ ಸುಲಭ. ಆದರೆ ಓದದ ಪುಸ್ತಕವನ್ನು ನಿಷೇಧಿಸುವವರನ್ನು ಟೀಕಿಸುತ್ತ ಬಂದವನು ನೋಡದ ಆಟವನ್ನು ನಿಷೇಧಿಸುವುದು ಹೇಗೆ? ಹಿರಿಯ ಮಗನಿಗೆ ಫೋನು ಮಾಡಿ ಒಪ್ಪಿಗೆ ಪಡೆದು ಲ್ಯಾಪ್‌ಟಾಪನ್ನು ಮನೆಗೆ ತಂದೆ. ನಾಲ್ಕು ಭಾನುವಾರ ಕುಳಿತು ಆಟವನ್ನು ಕೊನೆಯವರೆಗೂ ಆಡಿದೆ. ಆ ತಾಯಿಗೆ ಕೊಟ್ಟ ಉತ್ತರವನ್ನು, ಅದೇ ಪ್ರಶ್ನೆ ಇರಬಹುದಾದ ಇತರ ಪೋಷಕರಿಗಾಗಿ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಆಟ ಯಾವುದು?

ಆಟದ ಹೆಸರು 'ಎ ಪ್ಲೇಗ್ ಟೇಲ್: ಇನ್ನೊಸೆನ್ಸ್'. ಫ್ರಾನ್ಸ್ ದೇಶದ ಬೋರ್ಡೊ ನಗರದ ಅಸೋಬೊ ಸ್ಟುಡಿಯೊ ಇದನ್ನು ರೂಪಿಸಿತು. 2019ರ ಮೇ ತಿಂಗಳಿನಲ್ಲಿ ಬಿಡುಗಡೆಯಾಯಿತು. 'ರೆಕ್ವಿಯಮ್' ಎಂಬ ಮುಂದಿನ ಭಾಗ 2022ರಲ್ಲಿ ಬಂದಿತು. ಇಲ್ಲಿ ಹೇಳುತ್ತಿರುವುದು ಮೊದಲ ಭಾಗವನ್ನು ಕುರಿತು ಮಾತ್ರ.

ಕಥೆ ನಡೆಯುವುದು 1348ರಲ್ಲಿ, ಫ್ರಾನ್ಸಿನ ನೈಋತ್ಯ ಭಾಗದ ಅಕಿಟೇನ್ ಪ್ರಾಂತ್ಯದಲ್ಲಿ. ಅಮಿಸಿಯಾ ಎಂಬವಳು ಹದಿನೈದು ವರ್ಷದ ಹುಡುಗಿ, ಜಮೀನುದಾರ ಮನೆತನದ ಮಗಳು. ಅವಳ ತಮ್ಮ ಹ್ಯೂಗೊ ಐದು ವರ್ಷದವನು. ವಿಚಿತ್ರ ರಕ್ತರೋಗವೊಂದರ ಕಾರಣ ತಾಯಿ ಅವನನ್ನು ಹುಟ್ಟಿದಂದಿನಿಂದ ಕೋಣೆಯೊಳಗೇ ಇಟ್ಟು ಬೆಳೆಸಿದ್ದಾಳೆ. ಆದ್ದರಿಂದ ಅಕ್ಕ ತಮ್ಮಂದಿರಿಗೆ ಒಬ್ಬರಿಗೊಬ್ಬರ ಪರಿಚಯವೇ ಸರಿಯಾಗಿಲ್ಲ. ಒಂದು ದಿನ ಧರ್ಮವಿಚಾರಣೆಯ ಸೈನಿಕರು ಆ ಬಾಲಕನನ್ನು ಹುಡುಕಿಕೊಂಡು ಮನೆಗೆ ನುಗ್ಗುತ್ತಾರೆ. ಮನೆ ನಾಶವಾಗುತ್ತದೆ. ಮಕ್ಕಳಿಬ್ಬರೂ ಓಡಿಹೋಗುತ್ತಾರೆ. ಹಿಂದೆ ಸೈನಿಕರು, ಮುಂದೆ ಪ್ಲೇಗು ಬಡಿದ ಹಳ್ಳಿಗಳು, ನೆಲದಡಿಯಲ್ಲಿ ಸಾವಿರಾರು ಇಲಿಗಳು. ಇದಕ್ಕಿಂತ ಹೆಚ್ಚಿನ ಕಥೆಯನ್ನು ಹೇಳುವುದಿಲ್ಲ, ಆಡುವವರಿಗೆ ಅದು ಉಳಿಯಲಿ.

ಆಡುವುದು ಹೇಗೆ?

ನಮ್ಮ ಮಕ್ಕಳು ಮೊಬೈಲಿನಲ್ಲಿ ಆಡುವ ಬಂದೂಕಿನ ಆಟಗಳಲ್ಲಿ ನೂರು ಜನ ಇಳಿಯುತ್ತಾರೆ, ಕೊನೆಗೆ ಉಳಿದವನು ಗೆಲ್ಲುತ್ತಾನೆ, ಇಪ್ಪತ್ತು ಮೂವತ್ತು ನಿಮಿಷದಲ್ಲಿ ಎಲ್ಲವೂ ಮುಗಿದು ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಈ ಆಟ ಆ ಬಗೆಯದಲ್ಲ. ಇದಕ್ಕೆ ಆದಿ, ಮಧ್ಯ, ಅಂತ್ಯಗಳಿವೆ. ಹದಿನೇಳು ಅಧ್ಯಾಯಗಳನ್ನು ಮುಗಿಸಲು ಹತ್ತರಿಂದ ಹನ್ನೆರಡು ಗಂಟೆ ಬೇಕು.

ಇದು ಕಣ್ಣು ತಪ್ಪಿಸಿ ಸಾಗುವ ಆಟ. ಎತ್ತರದ ಹುಲ್ಲಿನಲ್ಲಿ ಬಗ್ಗಿ ಕುಳಿತಿರಬೇಕು. ಕಾವಲುಗಾರ ಎತ್ತ ನೋಡುತ್ತಾನೆ, ಎಷ್ಟು ಹೊತ್ತಿಗೆ ತಿರುಗುತ್ತಾನೆ ಎಂಬುದನ್ನು ಗಮನಿಸಬೇಕು. ಒಂದು ಮಡಕೆಯನ್ನು ದೂರ ಎಸೆದರೆ ಅವನು ಸದ್ದು ಬಂದತ್ತ ಹೋಗುತ್ತಾನೆ, ಅಷ್ಟರಲ್ಲಿ ಇತ್ತ ನುಸುಳಬೇಕು. ಅಮಿಸಿಯಾಳ ಕೈಯಲ್ಲಿರುವ ಆಯುಧ ಒಂದು ಕವಣೆ. ನಮ್ಮ ಸೀಮೆಯಲ್ಲಿ ಜೋಳದ ಹೊಲದ ಅಟ್ಟದ ಮೇಲೆ ನಿಂತು ಹಕ್ಕಿ ಕಾಯುವವರು ಬೀಸುತ್ತಿದ್ದರಲ್ಲ, ಅದೇ ಕವಣೆ. ತಲೆಗೆ ಶಿರಸ್ತ್ರಾಣವಿಲ್ಲದ ಸೈನಿಕ ಅದರ ಒಂದೇ ಕಲ್ಲಿಗೆ ಬೀಳುತ್ತಾನೆ. ಶಿರಸ್ತ್ರಾಣವಿದ್ದರೆ ಕಲ್ಲು ಸಾಲದು, ಉಪಾಯ ಬೇಕು.

ಇಲಿಗಳು ಬೆಳಕಿಗೆ ಅಂಜುತ್ತವೆ. ಉರಿಯುವ ಕೊಳ್ಳಿ ಕೈಯಲ್ಲಿರುವವರೆಗೆ ಸುತ್ತ ಒಂದು ವೃತ್ತದಷ್ಟು ನೆಲ ತೆರವಾಗಿರುತ್ತದೆ. ಕೊಳ್ಳಿ ಬೇಗ ಆರಿಹೋಗುತ್ತದೆ. ಆದ್ದರಿಂದ ಮುಂದಿನ ಬೆಂಕಿ ಎಲ್ಲಿದೆ, ಅಲ್ಲಿಗೆ ಎಷ್ಟು ಹೆಜ್ಜೆ ಎಂದು ಮೊದಲೇ ಲೆಕ್ಕ ಹಾಕಬೇಕು. ಕಥೆ ಬೆಳೆದಂತೆ ರಸವಿದ್ಯೆಯ ಕೆಲವು ಮಿಶ್ರಣಗಳು ಸಿಗುತ್ತವೆ. ಒಂದು ದೂರದಿಂದಲೇ ಬೆಂಕಿ ಹೊತ್ತಿಸುತ್ತದೆ, ಇನ್ನೊಂದು ಬೆಂಕಿ ಆರಿಸುತ್ತದೆ, ಮತ್ತೊಂದು ವಾಸನೆಯಿಂದ ಇಲಿಗಳನ್ನು ಬೇರೆಡೆಗೆ ಸೆಳೆಯುತ್ತದೆ.

ಆಟದ ಜೀವಾಳವಿರುವುದು ಇವುಗಳಲ್ಲಲ್ಲ. ತಮ್ಮನ ಕೈ ಹಿಡಿಯುವುದಕ್ಕೆ ಇಲ್ಲಿ ಪ್ರತ್ಯೇಕವಾದ ಒಂದು ಬಟನ್ ಇದೆ. ಅವನನ್ನು ಒಂದೆಡೆ ನಿಲ್ಲಲು ಹೇಳಿ ಮುಂದೆ ಹೋಗಬಹುದು. ಆದರೆ ಬಹಳ ದೂರ ಹೋದರೆ, ಬಹಳ ಹೊತ್ತು ಬಿಟ್ಟರೆ, ಅವನು ಹೆದರಿ ಅಕ್ಕನನ್ನು ಕೂಗತೊಡಗುತ್ತಾನೆ. ಆ ಕೂಗಿಗೆ ಸೈನಿಕರು ಎಚ್ಚೆತ್ತುಕೊಳ್ಳುತ್ತಾರೆ. ಇನ್ನು ಕೆಲವೆಡೆ ಅಕ್ಕ ನುಸುಳಲಾರದ ಕಿಂಡಿಯಲ್ಲಿ ಅವನು ನುಸುಳಿ ಆಚೆಯಿಂದ ಬಾಗಿಲು ತೆರೆಯುತ್ತಾನೆ. ಹೀಗೆ ಚಿಕ್ಕವನು ಭಾರವೂ ಹೌದು, ಆಸರೆಯೂ ಹೌದು. ಮನೆಯಲ್ಲಿ ತಮ್ಮ ತಂಗಿಯರನ್ನು ನೋಡಿಕೊಂಡು ಬೆಳೆದ ಯಾವ ಮಗುವಿಗೂ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ನಿಧಾನ: ಗುಣವೋ ದೋಷವೋ?

ಈ ಆಟವನ್ನು ಕುರಿತು ಆಡಿದವರ ಮುಖ್ಯ ದೂರು ಇದು ನಿಧಾನ ಎಂಬುದು. ದೂರಿನಲ್ಲಿ ಸತ್ಯವಿದೆ. ಎಷ್ಟೋ ಹೊತ್ತು ಮಕ್ಕಳಿಬ್ಬರೂ ಸುಮ್ಮನೆ ನಡೆಯುತ್ತಾರೆ, ಮಾತನಾಡುತ್ತಾರೆ. ಹ್ಯೂಗೊ ಒಂದು ಹೂವನ್ನು ಕಂಡು ನಿಲ್ಲುತ್ತಾನೆ, ಕಿತ್ತು ಅಕ್ಕನ ಮುಡಿಗೆ ಇಡುತ್ತಾನೆ. ದಾರಿ ಒಂದೇ. ಬೇರೆ ದಾರಿ ಹುಡುಕುವ ಸ್ವಾತಂತ್ರ್ಯ ಕಡಿಮೆ. ಕಾವಲುಗಾರರು ಕೊಂಚ ದಡ್ಡರೂ ಹೌದು, ಕ್ಷಣಕಾಲ ಹುಡುಕಿ ಮರೆತುಬಿಡುತ್ತಾರೆ. ಚುರುಕಾದ ಸವಾಲನ್ನು ಬಯಸುವವರಿಗೆ ಇದು ಸಪ್ಪೆಯೆನಿಸಬಹುದು. ನನ್ನ ಅಭಿಪ್ರಾಯದಲ್ಲಿ ನಿಜವಾದ ದೋಷ ಬೇರೆ ಕಡೆ ಇದೆ. ಕೊನೆಯ ಅಧ್ಯಾಯಗಳಲ್ಲಿ ಆಟ ತನ್ನ ನಿಧಾನವನ್ನೇ ಕೈಬಿಟ್ಟು ಕಾದಾಟದ ಕಡೆ ವಾಲುತ್ತದೆ. ಅಲ್ಲಿಯವರೆಗೆ ಹೆದರಿಕೆಯಿಂದ ಕಟ್ಟಿದ ಕಥೆ ಅಲ್ಲಿ ಶಕ್ತಿಪ್ರದರ್ಶನವಾಗುತ್ತದೆ.

ಆದರೂ ನಿಧಾನವನ್ನು ನಾನು ಗುಣವೆಂದೇ ಎಣಿಸುತ್ತೇನೆ. ಆರಂಭದಲ್ಲಿ ಅಮಿಸಿಯಾ ಮೊದಲ ಬಾರಿ ಮನುಷ್ಯನೊಬ್ಬನನ್ನು ಕೊಲ್ಲಬೇಕಾಗುತ್ತದೆ. ಕೊಂದ ಮೇಲೆ ಅವಳು ನಡುಗುತ್ತಾಳೆ. ಆಟ ಅಲ್ಲಿ ಅಂಕ ಕೊಡುವುದಿಲ್ಲ, ಪದಕ ಮಿನುಗಿಸುವುದಿಲ್ಲ. ಕೊಲೆಯನ್ನು ಎಣಿಕೆಯಾಗಿಸಿರುವ ಆಟಗಳನ್ನೇ ಕಂಡ ಮಕ್ಕಳಿಗೆ ಇದು ಹೊಸದು. ಯುದ್ಧ ಮುಗಿದ ರಣರಂಗವೊಂದನ್ನು ಹೆಣಗಳ ನಡುವೆ ದಾಟಬೇಕಾದ ಅಧ್ಯಾಯದಲ್ಲಿ ಬೇಗ ಓಡಿಬಿಡಲು ಬರುವುದಿಲ್ಲ. ನೋಡುತ್ತಲೇ ನಡೆಯಬೇಕು. ಯುದ್ಧ ಎಂದರೆ ಇದು ಎಂದು ತಿಳಿಯಲು ಆ ನಿಧಾನ ಬೇಕು.

ಇತಿಹಾಸ ಎಷ್ಟು, ಕಲ್ಪನೆ ಎಷ್ಟು?

ಸಮಾಜ ವಿಜ್ಞಾನದ ಶಿಕ್ಷಕನಾಗಿ ಈ ಭಾಗವನ್ನು ಸ್ಪಷ್ಟವಾಗಿ ಹೇಳಬೇಕು. ಮಕ್ಕಳು ಕಣ್ಣಿಂದ ಕಂಡದ್ದನ್ನು ಪಠ್ಯಪುಸ್ತಕಕ್ಕಿಂತ ಹೆಚ್ಚು ನಂಬುತ್ತಾರೆ.

ಪ್ಲೇಗು ನಿಜ. ಕಪ್ಪು ಸಮುದ್ರದ ಕಡೆಯಿಂದ ಬಂದ ಹಡಗುಗಳೊಂದಿಗೆ ಅದು 1347ರ ಅಕ್ಟೋಬರಿನಲ್ಲಿ ಸಿಸಿಲಿ ದ್ವೀಪದ ಮೆಸ್ಸೀನಾ ಬಂದರನ್ನು ಮುಟ್ಟಿತು. 1348ರಲ್ಲಿ ಬೋರ್ಡೊ ಸೀಮೆಗೆ ತಲುಪಿತು. ಕ್ಯಾಸ್ಟೀಲ್ ರಾಜಕುಮಾರನನ್ನು ವರಿಸಲು ಹೊರಟಿದ್ದ ಇಂಗ್ಲೆಂಡ್ ದೊರೆ ಮೂರನೆಯ ಎಡ್ವರ್ಡನ ಮಗಳು ಜೋನ್ ಅದೇ ವರ್ಷ ಅಲ್ಲಿಯೇ ಪ್ಲೇಗಿಗೆ ತುತ್ತಾದಳು. ಅವಳೂ ಅಮಿಸಿಯಾಳ ವಯಸ್ಸಿನ ಆಸುಪಾಸಿನವಳೇ. ಕೆಲವೇ ವರ್ಷಗಳಲ್ಲಿ ಯುರೋಪಿನ ಜನಸಂಖ್ಯೆಯ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಜನ ಸತ್ತರೆಂಬುದು ಸಾಮಾನ್ಯ ಅಂದಾಜು.

ಯುದ್ಧವೂ ನಿಜ. 1337ರಲ್ಲಿ ಆರಂಭವಾಗಿ 1453ರವರೆಗೆ ನಡೆದ 'ನೂರು ವರ್ಷಗಳ ಯುದ್ಧ'ದ ಮೂಲವೇ ಈ ಅಕಿಟೇನ್. ಇಂಗ್ಲೆಂಡಿನ ದೊರೆ ಅಲ್ಲಿನ ಒಡೆಯ, ಫ್ರಾನ್ಸಿನ ದೊರೆ ಆ ಒಡೆಯನ ಮೇಲಿನ ಒಡೆಯ. ಜನಸಾಮಾನ್ಯರು ಆಡುತ್ತಿದ್ದುದು ಇಂಗ್ಲಿಷೂ ಅಲ್ಲ, ಪ್ಯಾರಿಸಿನ ಫ್ರೆಂಚೂ ಅಲ್ಲ, ಗ್ಯಾಸ್ಕನ್ ಎಂಬ ತಮ್ಮದೇ ಭಾಷೆ. ಗಡಿಯಲ್ಲಿ ಬಾಳುವ ನಮಗೆ ಈ ಸ್ಥಿತಿ ತೀರ ಅಪರಿಚಿತವಲ್ಲ. ಆಟದಲ್ಲಿ ಫ್ರೆಂಚ್, ಇಂಗ್ಲಿಷ್, ಜರ್ಮನ್ ಧ್ವನಿಗಳಿವೆ. ಆ ನೆಲದ ಅಂದಿನ ಮಾತು ಮಾತ್ರ ಕೇಳಿಸುವುದಿಲ್ಲ.

ಪರಕೀಯರ ಮೇಲಿನ ಗುಮಾನಿಯೂ ನಿಜ. ಆಟದಲ್ಲಿ ಹಳ್ಳಿಗರು ರೋಗ ತಂದವರೆಂದು ಅಪರಿಚಿತ ಮಕ್ಕಳನ್ನು ಅಟ್ಟಿಸಿಕೊಂಡು ಬರುತ್ತಾರೆ. ಇತಿಹಾಸದಲ್ಲಿ ನಡೆದದ್ದು ಇದಕ್ಕಿಂತ ಘೋರ. ಬಾವಿಗೆ ವಿಷ ಬೆರೆಸಿದರೆಂಬ ಸುಳ್ಳು ಆರೋಪ ಹೊರಿಸಿ ಯಹೂದಿ ಅಲ್ಪಸಂಖ್ಯಾತರನ್ನು ಹಲವು ನಗರಗಳಲ್ಲಿ ಕೊಲ್ಲಲಾಯಿತು. 1349ರ ಫೆಬ್ರವರಿಯಲ್ಲಿ ಸ್ಟ್ರಾಸ್‌ಬರ್ಗ್ ನಗರದಲ್ಲಿ ನೂರಾರು ಜನರನ್ನು ಸುಡಲಾಯಿತು. ಅವಿನ್ಯೋನ್‌ನಲ್ಲಿದ್ದ ಪೋಪ್ ಆರನೆಯ ಕ್ಲೆಮೆಂಟ್ ಈ ಆರೋಪ ಸುಳ್ಳೆಂದು 1348ರಲ್ಲಿಯೇ ಆಜ್ಞೆ ಹೊರಡಿಸಿದ್ದರೂ ಅದನ್ನು ಕೇಳುವವರಿರಲಿಲ್ಲ. ಸಂಕಟ ಬಂದಾಗ ಸಣ್ಣ ಸಮುದಾಯವೊಂದರತ್ತ ಬೆರಳು ತೋರಿಸುವುದು ಹಳೆಯ ರೋಗ. ಮಕ್ಕಳೊಂದಿಗೆ ಮಾತನಾಡಬೇಕಾದ ವಿಷಯ ಇದು.

ಉಳಿದದ್ದು ಕಲ್ಪನೆ. ನೆಲ ಸೀಳಿ ಉಕ್ಕಿ ಬಂದು ಮನುಷ್ಯರನ್ನು ತಿನ್ನುವ ಇಲಿಗಳು ಎಂದೂ ಇರಲಿಲ್ಲ. ಹ್ಯೂಗೊನ ರಕ್ತರೋಗ, ರಸವಿದ್ಯೆಯ ಮಿಶ್ರಣಗಳು, ಸೈನ್ಯ ಕಟ್ಟಿಕೊಂಡು ಬಾಲಕನನ್ನು ಬೇಟೆಯಾಡುವ ಧರ್ಮವಿಚಾರಣೆ, ಇವೆಲ್ಲ ಕಥೆಗಾರರು ಹೆಣೆದವು.

ಪ್ಲೇಗಿನ ನಿಜವಾದ ಗುಟ್ಟು ಬಯಲಾದುದು ಐದೂವರೆ ಶತಮಾನಗಳ ನಂತರ. ಅದರಲ್ಲಿ ನಮ್ಮ ಸೀಮೆಗೂ ಒಂದು ನಂಟಿದೆ. ರೋಗಾಣುವನ್ನು ಅಲೆಕ್ಸಾಂಡರ್ ಯೆರ್ಸಿನ್ 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಗುರುತಿಸಿದರು. ಇಲಿಯಿಂದ ಇಲಿಗೆ ರೋಗ ದಾಟಿಸುವುದು ಚಿಗಟ ಎಂದು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೋನ್ 1898ರಲ್ಲಿ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದರು. ಆಗ ಕರಾಚಿಯೂ ಸೊಲ್ಲಾಪುರವೂ ಒಂದೇ ಮುಂಬಯಿ ಪ್ರಾಂತ್ಯದಲ್ಲಿದ್ದವು. ಅದಕ್ಕೆ ಒಂದು ವರ್ಷ ಮೊದಲು, 1897ರ ಜನವರಿಯಲ್ಲಿ, ಮುಂಬಯಿಯಲ್ಲಿ ವಾಲ್ಡೆಮಾರ್ ಹ್ಯಾಫ್ಕಿನ್ ಪ್ಲೇಗಿನ ಲಸಿಕೆಯನ್ನು ಮೊದಲು ತಮ್ಮ ಮೈಗೇ ಚುಚ್ಚಿಕೊಂಡಿದ್ದರು. ಮನೆಯಲ್ಲಿ ಇಲಿ ಸತ್ತು ಬಿದ್ದೊಡನೆ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡ ಕಥೆಯನ್ನು ನನ್ನ ಅಜ್ಜಿ ತನ್ನ ಹಿರಿಯರಿಂದ ಕೇಳಿ ನನಗೆ ಹೇಳಿದ್ದಳು. ನಿಮ್ಮ ಮನೆಗಳಲ್ಲಿಯೂ ಅಂತಹ ಮಾತು ಉಳಿದಿರಬಹುದು. ಹಿರಿಯರಿದ್ದರೆ ಕೇಳಿ ಬರೆದಿಡಿರಿ.

ಹಾಗಾದರೆ ಮಕ್ಕಳು ಆಡಬಹುದೇ?

ಇಲ್ಲಿ ನಾನು ಮೃದುವಾಗಲಾರೆ. ಯುರೋಪಿನ ವರ್ಗೀಕರಣ ಸಂಸ್ಥೆ ಈ ಆಟಕ್ಕೆ ಕೊಟ್ಟಿರುವುದು 18 ವರ್ಷ ಮೇಲ್ಪಟ್ಟವರಿಗೆ ಎಂಬ ಗುರುತು. ಅಮೆರಿಕದ ಸಂಸ್ಥೆ 17 ಎಂದಿದೆ. ಮುಖ್ಯ ಪಾತ್ರಗಳು ಮಕ್ಕಳಾದುದರಿಂದ ಇದು ಮಕ್ಕಳ ಆಟ ಎಂದು ಪೋಷಕರು ಮೋಸಹೋಗಬಾರದು. ಮನೆಯವರ ಕೊಲೆ, ಸಾಕಿದ ನಾಯಿಯ ಸಾವು, ರಾಶಿ ರಾಶಿ ಹೆಣಗಳು, ಇಲಿಗಳಿಗೆ ಜೀವಂತ ತುತ್ತಾಗುವ ಮನುಷ್ಯರು, ಎಲ್ಲವೂ ಕಣ್ಣೆದುರಿಗೇ ನಡೆಯುತ್ತವೆ. ಅದಕ್ಕಿಂತ ನನ್ನನ್ನು ಕಾಡಿದ ಒಂದು ಸಂಗತಿಯಿದೆ. ಕೆಲವು ಕಡೆ ಮುಂದೆ ಸಾಗಲು, ಕಾವಲುಗಾರನ ಕೈಯಲ್ಲಿರುವ ದೀಪವನ್ನು ಆಡುವವರೇ ಆರಿಸಬೇಕು. ದೀಪ ಆರಿದೊಡನೆ ಇಲಿಗಳು ಅವನನ್ನು ಮುತ್ತುತ್ತವೆ. ಅದು ತಪ್ಪೆಂಬ ಅರಿವು ಕಥೆಗೆ ಇದೆ. ಆ ಅರಿವನ್ನು ಹಿಡಿಯಲು ಪ್ರೌಢ ಮನಸ್ಸು ಬೇಕು. ಹತ್ತು ಹನ್ನೆರಡರ ಮಗುವಿಗೆ ಉಳಿಯುವುದು ಕೇವಲ ಕಿರುಚಾಟ.

ನನ್ನ ತೀರ್ಮಾನ ಹೀಗಿದೆ. ಕಾಲೇಜಿನಲ್ಲಿ ಓದುವ, 18 ತುಂಬಿದ ಮಕ್ಕಳು ಆಡಬಹುದು. ಕಥೆಯನ್ನು ಪ್ರೀತಿಸುವವರಿಗೆ, ಕಾಯುವ ತಾಳ್ಮೆಯಿರುವವರಿಗೆ ಇದು ಖಂಡಿತ ಯೋಗ್ಯ. ಒಳ್ಳೆಯ ಕಾದಂಬರಿಯೊಂದು ಓದಿದಷ್ಟು ಅದು ಮನಸ್ಸಿನಲ್ಲಿ ನಿಲ್ಲುತ್ತದೆ. ಪೋಷಕರೂ ಒಂದು ಅಧ್ಯಾಯ ಪಕ್ಕದಲ್ಲಿ ಕುಳಿತು ನೋಡಲಿ. ಶಾಲೆಯ ಮಕ್ಕಳಿಗೆ ಬೇಡ, ಹತ್ತನೆಯ ತರಗತಿಯವರಿಗೂ ಬೇಡ. ಪರೀಕ್ಷೆ ಹತ್ತಿರವಿದೆಯೆಂಬುದು ಎರಡನೆಯ ಕಾರಣ. ಮೊದಲ ಕಾರಣ ಮೇಲೆ ಹೇಳಿದ್ದೇ.

ಪೋಷಕರು ತಿಳಿದಿರಬೇಕಾದ ಕೆಲವು ಸಂಗತಿಗಳು

ಮೊದಲನೆಯದು ಹಣದ ವಿಷಯ. ಎಲ್ಲ ಆಟಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿರಿ. ಹಣ ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿತು. ಈ ಆಟ ಆ ಬಗೆಯದಲ್ಲ. ಒಮ್ಮೆ ಕೊಂಡರೆ ಮುಗಿಯಿತು. ಒಳಗೆ ಮತ್ತೆ ಹಣ ಕೇಳುವುದಿಲ್ಲ, ಒಬ್ಬರೇ ಆಡುವುದಾದ್ದರಿಂದ ಅಪರಿಚಿತರೊಂದಿಗೆ ಮಾತೂ ಇಲ್ಲ.

ಎರಡನೆಯದು ಯಂತ್ರದ ವಿಷಯ. ಇದಕ್ಕೆ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಅಥವಾ ಟಿವಿಗೆ ಜೋಡಿಸುವ ಆಟದ ಯಂತ್ರ ಬೇಕು, ಸುಮಾರು 50 ಜಿಬಿ ಜಾಗವೂ ಬೇಕು. ಈ ಆಟಕ್ಕಾಗಿಯೇ ಹೊಸ ಯಂತ್ರ ಕೊಳ್ಳಬೇಕೆಂದು ಮಕ್ಕಳು ಹಟ ಹಿಡಿದರೆ ಒಪ್ಪಬೇಡಿರಿ.

ಮೂರನೆಯದು ಭಾಷೆಯ ವಿಷಯ. ಆಟದಲ್ಲಿ ಕನ್ನಡವಿಲ್ಲ. ಪರದೆಯ ಕೆಳಗೆ ಇಂಗ್ಲಿಷ್ ಸಾಲುಗಳು ಬರುತ್ತವೆ. ನಮ್ಮ ಕನ್ನಡ ಮಾಧ್ಯಮದ ಮಕ್ಕಳು ಅವನ್ನು ಓದಿ ಇಂಗ್ಲಿಷ್ ಕಲಿಯುತ್ತಾರೆಂದು ಕೆಲವರು ಹೇಳುತ್ತಾರೆ. ಕಲಿಯಬಹುದು, ಸಂತೋಷ. ಆದರೆ ನಾನು ಕೇಳುವುದು ಇನ್ನೊಂದನ್ನು: ಆಡಿ ಮುಗಿಸಿದ ಮೇಲೆ ಆ ಕಥೆಯನ್ನು ಕನ್ನಡದಲ್ಲಿ ಹೇಳಲು ಬರುತ್ತದೆಯೇ? ಬೋರ್ಡೊ ನಗರದವರು ತಮ್ಮ ನೆಲದ ಹಳೆಯ ದುಃಖವನ್ನು ಆಟವಾಗಿಸಿ ಲೋಕಕ್ಕೆಲ್ಲ ಹೇಳಿದರು. ಕೇಳಿದ ಕಥೆಯನ್ನು ತನ್ನ ಮಾತಿನಲ್ಲಿ ಮರಳಿ ಹೇಳಬಲ್ಲ ಮಗು ಮಾತ್ರ ನಾಳೆ ತನ್ನ ನೆಲದ ಕಥೆಯನ್ನೂ ಹೇಳೀತು.

ಆ ಹುಡುಗನ ವಿಷಯ

ಐದನೆಯ ಭಾನುವಾರ ಅವರ ಮನೆಗೆ ಹೋದೆ. ತಾಯಿಗೆ ನನ್ನ ತೀರ್ಮಾನ ತಿಳಿಸಿದೆ. ಲ್ಯಾಪ್‌ಟಾಪನ್ನು ಪರೀಕ್ಷೆಯ ಓದಿಗೆ ಇಟ್ಟುಕೊಳ್ಳಲಿ, ಆಟವನ್ನು ಅಳಿಸೋಣ, 18 ತುಂಬಿದ ಮೇಲೆ ಅಣ್ಣನೊಂದಿಗೆ ಕುಳಿತು ಆಡಲಿ ಎಂದೆ. ಹುಡುಗ ತಲೆ ತಗ್ಗಿಸಿ ಕುಳಿತಿದ್ದ. ಅವನು ಏಳನೆಯ ಅಧ್ಯಾಯದವರೆಗೆ ಆಡಿದ್ದ.

"ಅಲ್ಲಿ ತನಕದ ಕಥಿ ಹೇಳು, ಕನ್ನಡದಾಗ" ಎಂದೆ.

ಮೊದಲು ತಡವರಿಸಿದ. ಆಮೇಲೆ ಮುಕ್ಕಾಲು ಗಂಟೆ ಹೇಳಿದ. ಕವಣೆ, ಕೊಳ್ಳಿ, ಹೆಣಗಳ ಬಯಲು, ಎಲ್ಲವೂ ಬಂದವು. ತಂಗಿ ಅವನ ತೊಡೆಯ ಮೇಲೆ ಕುಳಿತು ಕೇಳುತ್ತಿದ್ದುದರಿಂದ ಭಯಂಕರವಾದುದನ್ನು ತಾನಾಗಿಯೇ ದಾಟಿಸಿ ಹೇಳಿದ. ರಾತ್ರಿ ಅಷ್ಟು ಹೊತ್ತು ಯಾಕೆ ಆಡುತ್ತಿದ್ದೆ ಎಂದು ಕೇಳಿದಾಗ ಅವನು ಹೇಳಿದ್ದು ಇಷ್ಟೇ: "ಸರ್, ನಡಕ ಬಿಟ್ರ ಆ ಸಣ್ಣ ಹುಡುಗ ಅಲ್ಲೇ ನಿಂತಿರ್ತಾನಲ್ಲರಿ."

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಉಳಿದ ಹತ್ತು ಅಧ್ಯಾಯಗಳ ಕಥೆಯನ್ನು, ರಕ್ತ ಬಿಟ್ಟು, ಅಕ್ಕ ತಮ್ಮಂದಿರನ್ನು ಇಟ್ಟುಕೊಂಡು ನಾನೇ ಹೇಳಿ ಮುಗಿಸಿದೆ. ತಾಯಿ ಒಲೆಯ ಮುಂದಿನಿಂದ ಎದ್ದು ಬಂದು ಬಾಗಿಲಲ್ಲಿ ನಿಂತು ಕೇಳಿದರು. ಆಟ ಅಳಿಸಿದೆವು. ಹುಡುಗ ಬೇಸರಪಟ್ಟುಕೊಂಡದ್ದು ನಿಜ, ಆದರೆ ಸಿಟ್ಟಾಗಲಿಲ್ಲ.

ಪೋಷಕ ಬಂಧುಗಳೇ, ಬೇಡ ಎನ್ನುವ ಹಕ್ಕು ನಿಮಗಿದೆ, ಎಷ್ಟೋ ಸಲ ಅದು ಕರ್ತವ್ಯವೂ ಹೌದು. ಅದಕ್ಕೆ ಮೊದಲು ಒಂದು ಗಂಟೆ ಮಗುವಿನ ಪಕ್ಕದಲ್ಲಿ ಕುಳಿತು ನೋಡಿರಿ, ಅಲ್ಲಿ ಏನು ನಡೆಯುತ್ತಿದೆ ಎಂದು ಕನ್ನಡದಲ್ಲಿ ಹೇಳಲು ಕೇಳಿರಿ. ಆಮೇಲೆ ನೀವು ಕೊಡುವ ತೀರ್ಪನ್ನು ಮಗು ಒಪ್ಪದಿದ್ದರೂ ಗೌರವಿಸುತ್ತದೆ.